ತೊಪ್ಪೂರು ಇಳಿಜಾರಿನ ನೀಲಿ ದೀಪ

"ಯಾರದು ಒಳಗೆ?"

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ತೊಪ್ಪೂರಿನ ಬೇಲಿ ಹಾಕಿದ ಬಯಲಿಗೆ ಎಳೆದು ತಂದಿದ್ದ, ನುಜ್ಜುಗುಜ್ಜಾದ ಲಾರಿಯ ಕ್ಯಾಬಿನ್ನಿನಲ್ಲಿ, ಸ್ಟಿಯರಿಂಗಿನ ಕೆಳಗೆ ತಲೆಕೆಳಗಾಗಿ ಬಿದ್ದುಕೊಂಡಿದ್ದೆ. ಬಾಯಲ್ಲಿ ಟಾರ್ಚು. ಕೈಯಲ್ಲಿ ಸ್ಕ್ರೂಡ್ರೈವರ್. ಐವತ್ತೈದು ದಾಟಿದ ಹೆಂಗಸು ಇರಬೇಕಾದ ಭಂಗಿಯಲ್ಲ ಅದು.

ಎದುರಿಗೆ, ಮಡಿಚಿಕೊಂಡ ತಗಡಿನ ನಡುವೆ, ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರ ಮೇಲೆ ಜೋಳದ ಕಾಳಿನಷ್ಟು ಒಂದು ದೀಪ. ಕೆಂಪು.

ಶಾಲಿನಿ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಕೆಂಪಾಗಿದ್ರೆ ಒಳ್ಳೇದು ಅಕ್ಕಾ. ನೀಲಿ ಆಯ್ತು ಅಂದ್ರೆ ಕಂಪನಿ ಅದ್ರ ಜತೆ ಮಾತಾಡ್ತಾ ಐತೆ ಅಂತ. ಹಸಿರಾಯ್ತು ಅಂದ್ರೆ... ನೀವು ಮನೆಗೆ ಓಗ್ಬೋದು."

ಹೊರಗೆ ಜಲ್ಲಿಯ ಮೇಲೆ ಹೆಜ್ಜೆ ಸದ್ದು. ಒಬ್ಬನಲ್ಲ, ಇಬ್ಬರು. ಒಬ್ಬನದು ಬೂಟು. ಇನ್ನೊಬ್ಬ ಏನನ್ನೋ ನೆಲಕ್ಕೆ ತಾಗಿಸಿ ಎಳೆದುಕೊಂಡು ಬರುತ್ತಿದ್ದ. ಕಬ್ಬಿಣದ ಸದ್ದು.

ಕೊನೆಯ ಸ್ಕ್ರೂ ತಿರುಗಿತು. ಪೆಟ್ಟಿಗೆ ಅಂಗೈಗೆ ಬಿತ್ತು. ತಗಡಿನ ಮರೆಯಿಂದ ಈಚೆ ಬಂದದ್ದೇ ತಡ...

ದೀಪ ನೀಲಿಯಾಯಿತು.

ಪಕ್ಕದಲ್ಲಿ ಸ್ಟೀಲ್ ಟಿಫನ್ ಕ್ಯಾರಿಯರ್ ಇಟ್ಟುಕೊಂಡಿದ್ದೆ. ಊಟಕ್ಕಲ್ಲ. ಪರೋಟಾ ಅಂಗಡಿಯಿಂದ ತಂದ ಬೆಳ್ಳಿ ಕಾಗದವನ್ನು ಪೆಟ್ಟಿಗೆಗೆ ಸುತ್ತಿದೆ. ಮತ್ತೆ ಸುತ್ತಿದೆ. ಡಬ್ಬಿಗೆ ತುರುಕಿ ಮುಚ್ಚಳ ಒತ್ತಿ ಕೊಂಡಿ ಹಾಕಿದೆ. ಟವರ್ ಸಿಗದ ಜಾಗ ಬೇಕೆಂದರೆ ಹತ್ತಿರದಲ್ಲಿ ಅದೇ.

"ಅಮ್ಮಾ, ಈಚೆ ಬನ್ನಿ. ಅದು ನಮ್ಮ ಕಂಪನಿ ಸೊತ್ತು." ಬೂಟಿನವನ ದನಿ ಮೆದುವಾಗಿತ್ತು. ಮೆದು ದನಿಯವರನ್ನು ಕಂಡರೆ ನನಗೆ ಹೆಚ್ಚು ಭಯ.

ಗಾಜಿಲ್ಲದ ಮುಂದಿನ ಕಿಟಕಿಯಿಂದ ನುಸುಳಿದೆ. ಸೀರೆ ಹರಿಯಿತು. ಹಿಂದೆ ಕಬ್ಬಿಣದ ರಾಡು ತಗಡಿಗೆ ಬಡಿದ ಸದ್ದು. ಬೇಲಿ ಹಾರಿದೆ. ಸ್ಕೂಟರ್ ಹತ್ತಿದೆ.

ನೀವು ಕೇಳಬಹುದು, ಒಂದು ಡಬ್ಬಿಗಾಗಿ ಇಷ್ಟೆಲ್ಲ ಯಾಕೆ ಅಂತ.

ನನ್ನ ಹೆಸರು ಮುನಿಲಕ್ಷ್ಮಿ. ಪೊಲೀಸಿನಲ್ಲಿದ್ದೆ. ಹೆಡ್ ಕಾನ್‌ಸ್ಟೇಬಲ್ ಆಗಿ ಸಾಕೆನಿಸಿ ಬಿಟ್ಟೆ. ಈಗ ಸೇಲಂನ ಲಾರಿ ಮಾಲೀಕರಿಗೆ ಕೆಲಸ ಮಾಡುತ್ತೇನೆ. ಆಕ್ಸಿಡೆಂಟ್ ಆದಾಗ ನಿಜವಾಗಿ ಏನಾಯಿತು ಅಂತ ಹುಡುಕುವುದು. ಮಾಲೀಕರಿಗೆ ನಿಜ ಬೇಡವಾದರೆ ಅಲ್ಲಿಗೆ ನಿಲ್ಲಿಸುವುದು.

ಈ ಸಲದ ಮಾಲೀಕ ವೆಂಕಟಾಚಲಂ. ಅವರ ಡ್ರೈವರ್ ಶಿವರಾಮ, ನಮ್ಮ ಕಡೆಯ ಕನ್ನಡದವನು. ಕಬ್ಬಿಣದ ಸರಳು ತುಂಬಿಕೊಂಡು ಬೆಂಗಳೂರಿನಿಂದ ಸೇಲಂಗೆ ಇಳಿಯುತ್ತಿದ್ದ. ತೊಪ್ಪೂರು ಘಾಟಿನಲ್ಲಿ ಲಾರಿ ಅವನ ಕೈ ಮೀರಿತು. ಮೊಪೆಡ್ ಮೇಲೆ ಹೋಗುತ್ತಿದ್ದ ಗಂಡ ಹೆಂಡತಿ ಅಲ್ಲೇ ಸತ್ತರು. ಮದುವೆಗೆ ಹೊರಟಿದ್ದರಂತೆ. ಹೂವು ರಸ್ತೆಯ ತುಂಬ.

ಡ್ರೈವರ್ ನಿದ್ದೆ ಹೋದ ಅಂತ ಕೇಸು. ಗೆದ್ದರೆ ಮನೆ, ಸೋತರೆ ಜೈಲು.

ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕಾವಲಿಗೆ ಒಬ್ಬ ಪೊಲೀಸಿನವನು. ಕೈಗೆ ಕೋಳ ಹಾಕಿದ್ದವನೇ ಕಿತ್ತಳೆ ಹಣ್ಣು ಸುಲಿದು, ಬೀಜ ತೆಗೆದು, ಒಂದೊಂದೇ ಎಸಳು ಅವನ ಬಾಯಿಗಿಡುತ್ತಿದ್ದ. ಶಿವರಾಮನ ಮೈಮೇಲೆ ಜರಿಯಂಚಿನ ಹಸಿರು ಶಾಲು. ಅದರ ಅಂಚಿಗೆ ಹಣ್ಣಿನ ರಸ ಸೋರಿ ಕಲೆಯಾಗಿತ್ತು.

"ನಿದ್ದೆ ಓಗಿರ್ಲಿಲ್ಲ ಅಕ್ಕಾ. ಕೀ ತಿರುಗಿಸ್ದೆ. ಇಂಜಿನ್ ಬರ್ಲಿಲ್ಲ. ಮತ್ತೆ ತಿರುಗಿಸ್ದೆ. ಬ್ರೇಕ್ ಒತ್ತಿ ಒತ್ತಿ ಇದ್ದ ಗಾಳಿನೂ ಮುಗೀತು."

ದೊಡ್ಡ ಲಾರಿಯ ಬ್ರೇಕು ಗಾಳಿಯಿಂದ ಹಿಡಿಯುತ್ತದೆ. ಗಾಳಿ ತುಂಬುವುದು ಇಂಜಿನ್. ಇಂಜಿನ್ ಇಲ್ಲ, ಗಾಳಿ ಇಲ್ಲ, ಬ್ರೇಕು ಇಲ್ಲ.

"ಓಡೋ ಲಾರಿ ಇಂಜಿನ್ ಯಾಕೆ ನಿಂತ್ಕೊಂತು ಶಿವರಾಮಾ?"

ಅವನು ಗೋಡೆಯ ಕಡೆ ತಿರುಗಿದ. ಶಾಲು ಮುಖದ ಮೇಲೆ ಎಳೆದುಕೊಂಡ.

ಅದಾದ ಮರುದಿನ ಶಾಲಿನಿ ತಾನೇ ನನ್ನನ್ನು ಹುಡುಕಿಕೊಂಡು ಬಂದಳು. ಧರ್ಮಪುರಿ ಕಡೆಯ ರೈತರ ಮಗಳು. ಇಂಜಿನಿಯರ್. ಲಾರಿಗಳಿಗೆ ಈ ಪೆಟ್ಟಿಗೆ ಮಾರುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವಳು. ಪೇಪರಿನಲ್ಲಿ ಹೂವಿನ ಫೋಟೋ ನೋಡಿದ ದಿನ ಕೆಲಸ ಬಿಟ್ಟಿದ್ದಳು.

"ಆ ಪೆಟ್ಟಿಗೆ ತಂದ್ಕೊಡಿ ಅಕ್ಕಾ," ಅಂದಳು. "ಕಂಪನಿಯವ್ರಿಗಿಂತ ಮುಂಚೆ."

ಹಾಗಾಗಿ ನಾನು ಈಗ ಮೇಚೇರಿ ರಸ್ತೆಯಲ್ಲಿ. ಹ್ಯಾಂಡಲಿಗೆ ಟಿಫನ್ ಕ್ಯಾರಿಯರ್. ಕನ್ನಡಿಯಲ್ಲಿ ಬಿಳಿ ಬೊಲೆರೊ.

ಅದು ದೊಡ್ಡದಾಗುತ್ತಿತ್ತು. ಹತ್ತಿರ ಬಂತು. ಪಕ್ಕಕ್ಕೆ ಬಂತು. ಬಾಗಿಲು ನನ್ನ ಮೊಣಕಾಲನ್ನು ಸವರಿತು. ಸ್ಕೂಟರ್ ಮಣ್ಣಿಗಿಳಿದು ಹೇಗೋ ಮತ್ತೆ ರಸ್ತೆ ಹತ್ತಿತು. ತಿರುವು ದಾಟಿದರೆ ಎದುರಿಗೆ ಕುರಿಗಳು. ಮೇಚೇರಿಯ ಕೆಂಪು ಕುರಿಗಳು, ರಸ್ತೆ ತುಂಬ.

"ಅಣ್ಣಾ, ದಾರಿ ಬುಡು. ಇಂದೆ ಬಿಳೀ ಗಾಡಿ ಬತ್ತೈತೆ."

ಮುದುಕ ನನ್ನ ಹರಿದ ಸೀರೆ ನೋಡಿದ. ತಿರುವಿನ ಕಡೆ ನೋಡಿದ. ಅವಸರವೇ ಇಲ್ಲ.

"ನಮ್ಮೋಳಾ ನೀನು?"

"ಕೊಳತ್ತೂರು."

"ಕೊಳತ್ತೂರಲ್ಲಿ ಯಾರ ಮಗಳು?"

"ಅಣ್ಣಾ, ವಂಶ ಆಮ್ಯಾಕೆ ಹೇಳ್ತೀನಿ."

ಅವನು ನಾಲಿಗೆ ಮಡಿಚಿ ಸಿಳ್ಳೆ ಹಾಕಿದ. ಕುರಿಗಳು ಎರಡು ಪಾಲಾದವು. ನಾನು ನುಗ್ಗಿದೆ. ಹಿಂದೆ ಇನ್ನೊಂದು ಸಿಳ್ಳೆ. ಕುರಿಗಳು ಕೂಡಿಕೊಂಡವು.

ಬೊಲೆರೊ ಹಾರ್ನ್ ಬಡಿಯತೊಡಗಿತು. ಮುದುಕನ ದನಿ ದೂರದವರೆಗೂ ಕೇಳಿಸಿತು. "ಮೆದುವಾ ತಂಬೀ, ನಿಧಾನಕ್ಕೆ... ಗಬ್ಬದ ಕುರಿ ಅವೆ. ನಿನ್ನ ತಾಯಿನೂ ಇಂಗೇ ನಡೆದಿದ್ಲು ನಿನ್ನ ಒತ್ಕೊಂಡು."

ಅವನ ಹೆಸರು ಬೈರಪ್ಪ ಅಂತ ಆಮೇಲೆ ತಿಳಿಯಿತು. ಹೋಗಿ ವಂಶ ಹೇಳಿ ಬಂದೆ. ಅದು ಬೇರೆ ಮಾತು.

ಕೊಳತ್ತೂರು ಬಸ್ ಸ್ಟ್ಯಾಂಡಿನಲ್ಲಿ ಶಾಲಿನಿ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದಳು. ಪಾಲಮಲೆಗೆ ಹತ್ತುವ ಜೀಪಿಗೆ ಇಬ್ಬರೂ ಏರಿದೆವು. ಮೇಲೆ ನನ್ನ ಸೋದರತ್ತೆ ಚೆಲ್ಲಮ್ಮನ ಮನೆ. ಆ ಮೂಲೆಯಲ್ಲಿ ಯಾವ ಫೋನಿಗೂ ಟವರ್ ಸಿಗುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಜೀಪು ಕುಲುಕುತ್ತಿತ್ತು. ಶಾಲಿನಿ ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ಅದಕ್ಕೆ ತನ್ನದೇ ಬ್ಯಾಟರಿ ಐತೆ, ಬಿಚ್ಚಿದ್ರೂ ಉರೀತಾ ಇರುತ್ತೆ. ಒಳಗೆ ಮೈಕ್ರೋಕಂಟ್ರೋಲರ್ ಅಂತ ಒಂದು ಚಿಪ್ ಐತೆ ಅಕ್ಕಾ. ಉಗುರಿನಷ್ಟು. ನಾವು ಬರ್ದಿದ್ದನ್ನ ಮಾಡುತ್ತೆ. ತಪ್ಪಿದ್ರೆ ಹೊಸ ಪ್ರೋಗ್ರಾಂ ಬರ್ದು ಆಫೀಸಿಂದಾನೇ ಕಳಿಸ್ತೀವಿ. ಗಾಳೀಲಿ. ಲಾರಿ ಎಲ್ಲಿದ್ರೂ ಓಗಿ ಸೇರುತ್ತೆ."

"ಒಳ್ಳೇದೇ ತಾನೆ?"

"ಚಿಪ್ ಚಿಕ್ಕದು. ಹಳೇದನ್ನ ಅಳ್ಸಿ ಅದರ ಮೇಲೇ ಹೊಸದು ಬರೀಬೇಕು. ಆ ಹೊತ್ತಲ್ಲಿ ಯಾರೂ ಲಾರಿ ಸ್ಟಾರ್ಟ್ ಮಾಡ್ಬಾರ್ದು ಅಂತ ಬೀಗ ಹಾಕಿರ್ತೀವಿ. ಕೀ ತಿರುಗಿಸಿದ್ರೂ ಕರೆಂಟ್ ಓಗಲ್ಲ. ಬರ್ದು ಮುಗಿದ್ಮೇಲೆ ಬೀಗ ತೆಗೆಯುತ್ತೆ."

"ಅರ್ಧದಲ್ಲಿ ಟವರ್ ಓದ್ರೆ?"

"ಬೀಗ ಅಂಗೇ ಇರುತ್ತೆ. ಮಿಕ್ಕಿದ್ದು ಬರೋವರ್ಗೂ." ಅವಳು ಕಣ್ಣು ತಗ್ಗಿಸಿದಳು. "ತೊಪ್ಪೂರು ತಿರುವಲ್ಲಿ ಟವರ್ ಸರ್ಯಾಗಿ ಸಿಗಲ್ಲ."

ನನ್ನ ಮಡಿಲಲ್ಲಿದ್ದ ಡಬ್ಬಿ ಒಮ್ಮೆಲೇ ಭಾರವಾಯಿತು.

"ಕಂಪನಿ ಪೊಲೀಸ್ರಿಗೆ ಏನಂತ ಬರ್ದುಕೊಟ್ಟೈತೆ ಗೊತ್ತಾ?" ಅಂದೆ. "ನಮ್ಮ ಪೆಟ್ಟಿಗೆ ಲಾರಿನ ನೋಡುತ್ತೆ ಅಷ್ಟೆ, ಇಂಜಿನ್ ಮುಟ್ಟಲ್ಲ ಅಂತ. ಆಕ್ಸಿಡೆಂಟ್ ಆದ್ಮೇಲೆ ನಾವು ಅದನ್ನ ಮುಟ್ಟೇ ಇಲ್ಲ ಅಂತಾನೂ."

"ಈ ಪೆಟ್ಟಿಗೆ ಅರ್ಧದಲ್ಲೇ ನಿಂತಿದ್ರೆ ಅವ್ರು ಹೇಳಿದ್ದು ಸುಳ್ಳು ಅಂತ ಎಲ್ಲರ ಮುಂದೆ ತೋರಿಸ್ಬೋದು. ಮಿಕ್ಕಿದ್ದು ಬಂದು ಸೇರ್ತು ಅಂದ್ರೆ... ಒಳ್ಳೇ ಪೆಟ್ಟಿಗೆ. ಯಾವ ತಪ್ಪೂ ಮಾಡ್ದೇ ಇರೋದು."

ಅತ್ತೆ ಏನೂ ಕೇಳಲಿಲ್ಲ. ಹರಿದ ಸೀರೆ ನೋಡಿ ತನ್ನದೊಂದು ಸೀರೆ ತಂದಿಟ್ಟಳು. ಶಾಲಿನಿಯ ಕಾಲಿಗೆ ಚಪ್ಪಲಿ ಕಚ್ಚಿದ್ದನ್ನು ನೋಡಿ ಹರಳೆಣ್ಣೆ ತಂದಳು. ಆಮೇಲೆ ರಾಗಿ ಅಂಬಲಿ ಕಾಯಿಸಲು ಹೋದಳು.

ನಾವು ಒಳಕೋಣೆಯಲ್ಲಿ ಕೂತೆವು. ಶಾಲಿನಿ ಬೆಳ್ಳಿ ಕಾಗದ ಬಿಚ್ಚಿದಳು.

ಕೆಂಪು.

ಅತ್ತೆಯ ಹಳೆಯ ಟಾರ್ಚಿನ ಬಲ್ಬು, ಜೀಪಿನವನಿಂದ ಕೇಳಿ ತಂದ ಒಂದು ಬ್ಯಾಟರಿ, ಎರಡು ತುಂಡು ವೈರು. "ಈ ವೈರು ಕೀ ಅಂದ್ಕೊಳಿ. ಬಲ್ಬು ಲಾರಿ." ಅವಳು ವೈರು ತಾಗಿಸಿದಳು.

ಬಲ್ಬು ಉರಿಯಲಿಲ್ಲ.

ಮತ್ತೆ ತಾಗಿಸಿದಳು. ಮತ್ತೆ. ಶಿವರಾಮನೂ ಹೀಗೇ ತಿರುಗಿಸಿರಬೇಕು.

"ಅವತ್ತು ಎಂಗಿತ್ತೋ ಅಂಗೇ ಐತೆ ಅಕ್ಕಾ."

ಗೆದ್ದೆವು ಅಂತ ಅಂದುಕೊಂಡೆ. ಆದರೆ ಪೊಲೀಸ್ ಬುದ್ಧಿ ಒಂದು ಪ್ರಶ್ನೆ ಮಿಕ್ಕಿಸಿಕೊಂಡಿತ್ತು. "ಓಡ್ತಾ ಇರೋ ಲಾರಿಗೆ ಬೀಗ ಯಾಕೆ ಹಾಕ್ತು?"

"ಓಡೋವಾಗ ಹಾಕಲ್ಲ. ಕೀ ಆಫ್ ಆದ್ರೆ ಮಾತ್ರ. ಕೀ ಆಫ್ ಆಯ್ತು ಅಂದ್ರೆ ಲಾರಿ ನಿಂತೈತೆ ಅಂತ. ಅಂಗಂತ ನಾನೇ ಬರ್ದೆ." ಅವಳು ತಲೆಯೆತ್ತಿದಳು. "ಅದೊಂದೇ ತಿಳೀತಿಲ್ಲ ಅಕ್ಕಾ. ಓಡೋ ಲಾರಿ ಕೀನ ಯಾರಾದ್ರೂ ಆಫ್ ಮಾಡ್ತಾರಾ?"

ನನಗೆ ನಗು ಬಂತು. ಒಳ್ಳೆಯ ನಗುವಲ್ಲ.

ಶಿವರಾಮ ಗೋಡೆಯ ಕಡೆ ತಿರುಗಿದ್ದು ಯಾಕೆ ಅಂತ ತಿಳಿಯಿತು. ಘಾಟಿನ ತಲೆಯಲ್ಲಿ ನ್ಯೂಟ್ರಲ್‌ಗೆ ಹಾಕಿ, ಕೀ ಆಫ್ ಮಾಡಿ, ಕೆಳಗಿನವರೆಗೂ ಹಾಗೇ ಉರುಳಿಸಿಕೊಂಡು ಬರುವುದು. ತೊಪ್ಪೂರಿನಲ್ಲಿ ಎಷ್ಟೋ ಡ್ರೈವರ್‌ಗಳು ಮಾಡುತ್ತಾರೆ. ಮಾಡಬೇಡಿ ಅಂತ ಬೋರ್ಡಿದೆ. ಬೋರ್ಡಿನ ಕೆಳಗೇ ಮಾಡುತ್ತಾರೆ. ಡೀಸೆಲ್ ಉಳಿಯುತ್ತದೆ. ವೆಂಕಟಾಚಲಂ ಪ್ರತಿ ವರ್ಷ ಆಯುಧಪೂಜೆಯ ದಿನ, ಹೆಚ್ಚು ಡೀಸೆಲ್ ಉಳಿಸಿದವನನ್ನು ಎಲ್ಲರ ಮುಂದೆ ನಿಲ್ಲಿಸಿ, ತಮ್ಮ ಕೈಯಾರೆ ಶಾಲು ಹೊದಿಸುತ್ತಾರೆ.

ಹಸಿರು ಶಾಲು. ಜರಿಯಂಚು.

ಹೇಳಿದೆ. ಶಾಲಿನಿ ಲ್ಯಾಪ್‌ಟಾಪ್ ಚೀಲವನ್ನು ಮತ್ತೆ ಎದೆಗೆ ಎಳೆದುಕೊಂಡಳು.

"ನಮ್ಮಪ್ಪನೂ ಗಾಡೀನ ಇಳಿಜಾರಲ್ಲಿ ಅಂಗೇ ಬುಡ್ತಾ ಇದ್ರು," ಅಂದಳು. "ಟಿವಿಎಸ್‌ನ. ನಾನು ಇಂದೆ ಕೂತು ನಗ್ತಾ ಇದ್ದೆ. ಬರೆಯೋವಾಗ ಅದು ಗ್ಯಾಪಕಕ್ಕೇ ಬರ್ಲಿಲ್ಲ."

ಹೊರಗೆ ನಾಯಿ ಬೊಗಳಿತು.

"ಪಾಟೀ... ಕುಡಿಯೋಕೆ ಸ್ವಲ್ಪ ತಣ್ಣಿ ಸಿಕ್ಕುತ್ತಾ?"

ಮೆದು ದನಿ. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ. ನನ್ನ ಸ್ಕೂಟರ್ ಕೊಳತ್ತೂರು ಬಸ್ ಸ್ಟ್ಯಾಂಡಿನಲ್ಲೇ ನಿಂತಿತ್ತು. ಅದು ಯಾರದು, ಅವಳ ಅತ್ತೆಯ ಮನೆ ಎಲ್ಲಿ ಅಂತ ಅಲ್ಲಿ ಹೂ ಮಾರುವವಳನ್ನು ಕೇಳಿದರೂ ಹೇಳುತ್ತಾಳೆ. ಅದು ನಮ್ಮೂರಿನ ಒಳ್ಳೆಯತನ.

ಶಾಲಿನಿ ಬಿಳುಚಿದಳು. "ಶರವಣಕುಮಾರ್. ನನ್ನ ಟೀಮ್ ಲೀಡ್."

"ಅವನು ನಿನ್ನ ನೋಡ್ಬಾರ್ದು. ಇತ್ಲಿಂದ ಓಗಿ ಆಡಿನ ಕೊಟ್ಟಿಗೇಲಿ ಕೂತ್ಕೋ. ಏಳ್ಬೇಡ."

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೇಳಿಸಿಕೊಳ್ಳಲಿಲ್ಲ. ಹಿತ್ತಿಲ ಬಾಗಿಲಿಂದ ತಳ್ಳಿದೆ. ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು ಜಗುಲಿಗೆ ಬಂದೆ.

ಶರವಣಕುಮಾರ್ ಆಗಲೇ ಜಗುಲಿಯ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅಂಗಳದಲ್ಲಿ ರಾಡಿನವನು, ಲಕ್ಷ್ಮಣನ್. ಆದರೆ ಈಗ ಅವನ ಕೈಯಲ್ಲಿ ರಾಡು ಇರಲಿಲ್ಲ. ತಲೆಯ ಮೇಲೆ ಸೌದೆ ಹೊರೆ. ದಾರಿಯಲ್ಲಿ ಯಾರೋ ಮುದುಕಿ ಹೊರಲಾರದೆ ನಿಂತಿದ್ದಳಂತೆ. ಪಕ್ಕದ ಮನೆಗೆ ಇಳಿಸಿ ಬಂದ.

"ಪೆಟ್ಟಿಗೆ ಕೊಡಿ ಅಂತ ಕೇಳಲ್ಲಮ್ಮಾ," ಅಂದ ಶರವಣಕುಮಾರ್. ತಮಿಳು ಸೇರಿದ ಕನ್ನಡ. "ನೀವು ಕೊಡಲ್ಲ. ನನಗೂ ವಯಸ್ಸಾದವರ ಜತೆ ಸಂಡೆ ಜಗಳ ಎಲ್ಲಾ ಇಷ್ಟ ಇಲ್ಲ."

"ಮತ್ಯಾಕೆ ಬೆಟ್ಟ ಹತ್ತಿದ್ದು?"

"ಮಾತಾಡೋಕೆ."

"ಮಾತಾಡು. ಇವನು ಅಂಗಳ ದಾಟಿ ಒಂದೆಜ್ಜೆ ಇಟ್ರೆ ಕಾಲು ಇಲ್ಲೇ ಬುಟ್ಟು ಓಗ್ತಾನೆ."

ಲಕ್ಷ್ಮಣನ್ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ನನ್ನ ಕಣ್ಣೆಲ್ಲ ಅವನ ಮೇಲೆ.

ಅತ್ತೆ ಅಂಬಲಿ ತಂದಳು. ಮೊದಲು ಶರವಣಕುಮಾರ್‌ಗೆ, ಆಮೇಲೆ ಲಕ್ಷ್ಮಣನ್‌ಗೆ. ನನ್ನ ಕೈಯ ಮಚ್ಚನ್ನು ನೋಡಿಯೂ ನೋಡದವಳಂತೆ ಉಪ್ಪು ಮೆಣಸಿನಕಾಯಿ ಇಟ್ಟು ಹೋದಳು.

ಅವನು ಎರಡೂ ಕೈಯಲ್ಲಿ ಚೊಂಬು ಹಿಡಿದು ನಿಧಾನವಾಗಿ ಕುಡಿದ. ಮಕ್ಕಳ ಬಗ್ಗೆ ಕೇಳಿದ. ಬೆಟ್ಟದಲ್ಲಿ ಅವರೆ ಚೆನ್ನಾಗಿ ಬರುತ್ತಾ ಅಂದ. ಇನ್ನೊಂದು ಚೊಂಬು ಕೇಳಿದ. ಅವನ ಫೋನು ಅಂಗಿಯ ಜೇಬಿನಲ್ಲೇ ಇತ್ತು. ಒಮ್ಮೆಯೂ ತೆಗೆಯಲಿಲ್ಲ. ತೆಗೆದು ಏನು ಮಾಡುತ್ತಾನೆ, ಟವರೇ ಇಲ್ಲವಲ್ಲ ಅಂತ ನಾನು ಒಳಗೊಳಗೇ ನಕ್ಕೆ.

ಆಗ ಒಳಗಿನಿಂದ ಅತ್ತೆಯ ದನಿ ಬಂತು. ಸಂತೋಷದ ದನಿ.

"ಏ ಮುನೀ... ನಿಮ್ಮ ಬಲ್ಬು ಅತ್ಕೊಂತು ಕಣೇ."

ನಾನು ಒಳಗೆ ಓಡಿದೆ.

ಶಾಲಿನಿ ಅವಸರದಲ್ಲಿ ವೈರನ್ನು ತಾಗಿಸಿಯೇ ಬಿಟ್ಟು ಹೋಗಿದ್ದಳು. ಬಲ್ಬು ಬೆಳಗುತ್ತಿತ್ತು. ಕತ್ತಲ ಕೋಣೆಯ ಗೋಡೆಯ ಮೇಲೆ ಅತ್ತೆಯ ನೆರಳು. ಅವಳ ಮುಖದಲ್ಲಿ ನಗು.

ಪೆಟ್ಟಿಗೆಯ ಮೇಲೆ ಹಸಿರು ದೀಪ.

ಶಾಲಿನಿ ಹಿತ್ತಿಲಿಂದ ಬಂದು ದೀಪ ನೋಡಿದಳು. "ವೈಫೈ ಅಕ್ಕಾ... ಆಗ್ಲೇ ಅದನ್ನ ಹೇಳೋಕೆ ಬಾಯಿ ತೆಗ್ದೆ. ಡಿಪೋದಲ್ಲಿ ನಿಂತಾಗ ಟವರ್ ಬೇಡ. ಡಿಪೋ ವೈಫೈ ಹೆಸರು ಕಂಡ್ರೆ ಅದರಿಂದ್ಲೇ ತಗೊಳುತ್ತೆ. ಅವನು ಫೋನಿನ ಹಾಟ್‌ಸ್ಪಾಟ್‌ಗೆ ಅದೇ ಹೆಸರಿಟ್ಟು, ಹೊಸ ಪ್ರೋಗ್ರಾಂ ಫೋನಲ್ಲೇ ಇಟ್ಕೊಂಡು ಬಂದವ್ನೆ. ಅವನು ಒಳಗೇ ಬರ್ಬೇಕಾಗಿಲ್ಲ. ಸುಮ್ನೆ ಅತ್ರ ಕೂತಿದ್ರೆ ಸಾಕು."

ಸುಮ್ಮನೆ ಹತ್ತಿರ ಕೂತಿದ್ದ. ಅಂಬಲಿ ಕುಡಿಯುತ್ತಾ.

ಜಗುಲಿಗೆ ಬಂದೆ. ಅವನು ಚೊಂಬನ್ನು ತೊಳೆದು ಕವುಚಿಡುತ್ತಿದ್ದ.

"ಕಂಜಿ ಚೆನ್ನಾಗಿತ್ತು ಪಾಟಿ. ನಾನು ಬರ್ತೀನಿ."

ಮಚ್ಚು ಎತ್ತಿದ್ದು ನನಗೇ ಗೊತ್ತಾಗಲಿಲ್ಲ. ಅತ್ತೆ ಮಣಿಕಟ್ಟು ಹಿಡಿದಳು. ಒಣಕಡ್ಡಿಯಂಥ ಕೈ. ಬಿಡಿಸಿಕೊಳ್ಳಲಾಗಲಿಲ್ಲ.

"ನಮ್ಮನೇಲಿ ಉಂಡೋನು. ಒಲೆ ಆರೋವರ್ಗೂ ಕೈ ಎತ್ಬಾರ್ದು."

ಶರವಣಕುಮಾರ್ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇಬ್ಬರೂ ಇಳಿದು ಹೋದರು.

ಒಳಗೆ ಬಂದು ಬಲ್ಬಿನ ಮುಂದೆ ಕೂತೆ. ಶಿವರಾಮನ ಜೈಲು ಇಷ್ಟು ಬೆಳ್ಳಗೆ ಉರಿಯುತ್ತದೆ ಅಂತ ಅಂದುಕೊಂಡಿರಲಿಲ್ಲ.

"ಬೇರೆ ಲಾರಿ ಪೆಟ್ಟಿಗೆ?"

"ಎಲ್ಲಾ ತಿದ್ದಾಯ್ತು ಅಕ್ಕಾ. ಆಕ್ಸಿಡೆಂಟ್ ಆದ ದಿನಾನೇ. ಈಗ ಕೀ ಆಫ್ ಆದ್ರೂ ಚಕ್ರ ತಿರುಗ್ತಿದ್ರೆ ಬೀಗ ಹಾಕಲ್ಲ. ಒಳ್ಳೇ ಪ್ರೋಗ್ರಾಂ." ಅವಳ ಬಾಯಿ ಸೊಟ್ಟಗಾಯಿತು. "ನಾನೇ ಬರೀಬೇಕಾಗಿದ್ದು."

ನಾನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಆಮೇಲೆ ಕೇಳಿದೆ. "ಅವನು ಬಂದ ದಾರೀಲಿ ನೀನೂ ಓಗ್ಬೋದಾ?"

"ಅಂದ್ರೆ?"

"ಹಳೇದನ್ನ ಮತ್ತೆ ಒಳಗೆ ಕಳಿಸು. ಅರ್ಧದಲ್ಲಿ ನಿಲ್ಸು."

ಅವಳು ನನ್ನನ್ನೇ ನೋಡಿದಳು. "ಹಳೇದು ಲ್ಯಾಪ್‌ಟಾಪಲ್ಲೇ ಐತೆ. ಅದೇ ವೈಫೈ ಹೆಸರಿಟ್ರೆ ತಗೊಳುತ್ತೆ. ಆದ್ರೆ ಅಕ್ಕಾ... ಅದು ಖೋಟಾ ಸಾಕ್ಷಿ ಆಗಲ್ವಾ?"

"ಅವತ್ತು ಅದರ ಒಳಗೆ ಇದ್ದಿದ್ದು ಇದೇ ತಾನೆ?"

"ಒಂದಕ್ಷರ ಬಿಡ್ದೆ."

"ಹಂಗಾದ್ರೆ ಸುಳ್ಳು ಬರ್ದವನು ಅವನು. ನೀನು ತಿದ್ತಾ ಇದೀಯ."

ಇದು ಸರಿ ಅಂತ ನಿಮಗೆ ಹೇಳುವುದಿಲ್ಲ. ಮೂವತ್ತು ವರ್ಷ ಖಾಕಿ ಹಾಕಿದವಳಿಗೆ ಖೋಟಾ ಯಾವುದು ಅಂತ ಗೊತ್ತು. ಆದರೆ ನನಗೆ ಒಂದು ಕೈಗೆ ಕೋಳವಿದ್ದ ಮನುಷ್ಯ ಬಾಯಿ ತೆರೆದು ಕಿತ್ತಳೆ ತಿನ್ನುತ್ತಿದ್ದುದು ಕಣ್ಣ ಮುಂದೆ ಇತ್ತು.

ದೀಪ ನೀಲಿಯಾಯಿತು. ಬಲ್ಬು ಆರಿತು. ಶಾಲಿನಿ ಲ್ಯಾಪ್‌ಟಾಪ್ ಮುಚ್ಚಿದಳು.

ಕೆಂಪು.

"ಕಂಪನಿಯವ್ರು ಮತ್ತೆ ಕಳಿಸಿದ್ರೆ?"

"ಕಳಿಸಲ್ಲ. ಅವ್ರ ಪಾಲಿಗೆ ಇದು ಮುಗಿದ ಪೆಟ್ಟಿಗೆ. ಶರವಣನೇ ಮುಗಿಸಿ ಓಗವ್ನೆ."

ಅತ್ತೆಗೆ ಬಲ್ಬು ಆರಿದ್ದು ಬೇಸರವಾಯಿತು.

ವಿಚಾರಣೆ ಧರ್ಮಪುರಿಯಲ್ಲಿ. ಅಧಿಕಾರಿ ಸುಬ್ಬರಾಯನ್, ಕನ್ನಡಕದ ಮೇಲಿಂದ ನೋಡುವವರು. ಮೇಜಿನ ಒಂದು ಕಡೆ ನಾನು, ಶಾಲಿನಿ, ವೆಂಕಟಾಚಲಂ. ಎದುರಿಗೆ ಶರವಣಕುಮಾರ್, ಹೊಸ ಇಸ್ತ್ರಿ. ಅತ್ತೆಯೂ ಬಂದಿದ್ದಳು. ಮೂಲೆಯ ಬೆಂಚಿನಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು.

"ಪರೀಕ್ಷೆ ಮಾಡಲಿ ಸರ್," ಅಂದ ಶರವಣಕುಮಾರ್. "ನಮ್ಮ ಪೆಟ್ಟಿಗೆ ಇಂಜಿನ್ ಮುಟ್ಟಲ್ಲ."

ಟಿಫನ್ ಕ್ಯಾರಿಯರ್ ತೆರೆದೆ. ಶಾಲಿನಿ ವೈರು ಜೋಡಿಸಿದಳು. ಸುಬ್ಬರಾಯನ್ ತಾವೇ ತಾಗಿಸಿದರು.

ಬಲ್ಬು ಉರಿಯಲಿಲ್ಲ.

ಇನ್ನೊಮ್ಮೆ. ಇಲ್ಲ. ಬ್ಯಾಟರಿಗೆ ನೇರವಾಗಿ ತಾಗಿಸಿದರು. ಉರಿಯಿತು. ಪೆಟ್ಟಿಗೆಯ ಮೂಲಕ ತಾಗಿಸಿದರು. ಇಲ್ಲ.

ಶರವಣಕುಮಾರ್ ಎದ್ದುಬಿಟ್ಟ. "ಇದು... ಇದು ಇಂಗಿರಲಿಲ್ಲ. ಇದು ಸರಿಯಾಗಿತ್ತು."

"ಯಾವಾಗ ನೋಡಿದೆ ತಂಬೀ?" ಅಂದೆ. "ಆಕ್ಸಿಡೆಂಟ್ ಆದ್ಮೇಲೆ ಮುಟ್ಟಿಲ್ಲ ಅಂತ ಬರ್ದುಕೊಟ್ಟಿದೀಯ."

ಅವನು ಫೋನಿದ್ದ ಜೇಬು ಮುಟ್ಟಿಕೊಂಡ. ಬೆಟ್ಟಕ್ಕೆ ಹೋಗಿ ಸರಿಮಾಡಿ ಬಂದೆ ಅಂತ ಹೇಳಿದರೆ ಕೆಟ್ಟಿತ್ತು ಅಂತ ಒಪ್ಪಿದಂತೆ. ಹೇಳದಿದ್ದರೆ ಈಗಲೂ ಕೆಟ್ಟಿದೆ.

ಅತ್ತೆ ಮೂಲೆಯಿಂದ ಕೈ ಎತ್ತಿ ಅಕ್ಕರೆಯಿಂದ ಕೇಳಿದಳು. "ಚೆಂದಾಗಿದೀಯಾ ಸಾಮಿ? ಅವತ್ತು ಎರಡು ಚೊಂಬು ಕುಡ್ದೆ, ಬೆಟ್ಟ ಇಳಿಯೋವಾಗ ಒಟ್ಟೆ ನೋಯ್ಲಿಲ್ಲ ತಾನೆ?"

ಅವನು ಕೂತುಬಿಟ್ಟ.

ಗೆಲುವು ಇದ್ದದ್ದು ಅಷ್ಟೇ ಹೊತ್ತು. ಸುಬ್ಬರಾಯನ್ ಕನ್ನಡಕ ತೆಗೆದು ಒರೆಸಿದರು. "ಸರಿ. ಬೀಗ ಬೀಳೋದು ಕೀ ಆಫ್ ಆದ ಮೇಲೆ ಅಂತೀರಿ. ಇಳಿಜಾರಲ್ಲಿ ಕೀ ಆಫ್ ಮಾಡಿದ್ದು ಯಾರು?"

ನಾನು ವೆಂಕಟಾಚಲಂ ಕಡೆ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

"ಮಾಲೀಕರು ಹೇಳಿ."

"ಕೀ ಆಫ್ ಮಾಡು ಅಂತ ನಾನು ಒಂದು ದಿನವೂ ಯಾರಿಗೂ ಹೇಳಿಲ್ಲ ಸಾರ್," ಅಂದರು ವೆಂಕಟಾಚಲಂ.

ನಿಜ. ಒಂದು ದಿನವೂ ಹೇಳಿಲ್ಲ.

ನಾನು ಶಾಲಿನ ಮಾತು ತೆಗೆದೆ. ಆಯುಧಪೂಜೆಯ ಮಾತು ತೆಗೆದೆ. "ಗೌರವ ಮಾಡೋದು ತಪ್ಪಾ ಅಮ್ಮಾ?" ಅಂದರು ಸುಬ್ಬರಾಯನ್. ತಪ್ಪು ಅಂತ ಯಾವ ಕಾನೂನಿನಲ್ಲೂ ಇಲ್ಲ.

ಹೊರಗೆ ವೆಂಕಟಾಚಲಂ ನನ್ನನ್ನು ಕಾರಿನ ಪಕ್ಕಕ್ಕೆ ಕರೆದರು. "ನಿಜ ಹುಡುಕು ಅಂದಿದ್ದು ಹೌದಮ್ಮಾ. ಇಷ್ಟು ಹುಡುಕು ಅನ್ನಲಿಲ್ಲ." ಅಂದಿನಿಂದ ಅವರ ಡಿಪೋದ ಕೆಲಸ ನನಗಿಲ್ಲ.

ಕಂಪನಿಯ ಮೇಲೆ ಕೇಸು ನಡೆಯುತ್ತಿದೆ. ನಡೆಯುತ್ತಲೇ ಇರುತ್ತದೆ. ಶಿವರಾಮ ನಿದ್ದೆ ಹೋಗಿರಲಿಲ್ಲ ಅಂತ ಬರೆದರು. ಜೈಲಿಲ್ಲ. ಆದರೆ ಕೀ ಆಫ್ ಮಾಡಿದ್ದಕ್ಕೆ ಲೈಸೆನ್ಸ್ ಇನ್ನು ಈ ಜನ್ಮದಲ್ಲಿಲ್ಲ. ಮೊಪೆಡ್ಡಿನವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಬಂದನಂತೆ. ಒಳಗೆ ಕರೆಯಲಿಲ್ಲ. ಬೈಯಲೂ ಇಲ್ಲ. ನೀರು ಮಾತ್ರ ಕೊಟ್ಟರಂತೆ.

ಅವನು ಶಾಲು ಮಡಿಚಿ ನನ್ನ ಕೈಗೆ ಕೊಟ್ಟ. "ಅವ್ರಿಗೇ ಕೊಟ್ಬುಡಿ ಅಕ್ಕಾ. ಮೈ ಸುಡ್ತದೆ." ಡಿಪೋದ ಗೇಟಿನಲ್ಲಿ ಕೊಟ್ಟು ಬಂದೆ.

ಆಯುಧಪೂಜೆ ಕಳೆದ ಮೇಲೆ ಒಂದು ಮಧ್ಯಾಹ್ನ ಧರ್ಮಪುರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಒಂದು ಲಾರಿ ನಿಂತಿತು. ಅಶ್ವತ್ಥ್ ಅಂತ, ವೆಂಕಟಾಚಲಂ ಅವರ ಡ್ರೈವರ್. "ಬಿಸ್ಲಲ್ಲಿ ಯಾಕೆ ನಿಂತಿದೀರಕ್ಕಾ, ಅತ್ಕೊಳಿ. ಸೇಲಂ ತಾನೆ?" ಸೀಟಿನ ಧೂಳು ಒರೆಸಿದ. ನೀರಿನ ಬಾಟಲಿ ಕೊಟ್ಟ. ಒರಗಿಕೊಳ್ಳಲು ಬೆನ್ನಿಗೆ ಏನೋ ಮಡಿಚಿ ಇಟ್ಟ.

ಹಸಿರು ಶಾಲು. ಅಂಚಿನಲ್ಲಿ ಕಿತ್ತಳೆ ರಸದ ಕಲೆ.

"ಈ ವರ್ಷ ನಂಗೆ ಹೊದಿಸಿದ್ರಕ್ಕಾ," ಅಂದ. ಮುಖ ಅರಳಿತ್ತು.

ಘಾಟಿನ ತಲೆ ಬಂತು. ಬೋರ್ಡು ಬಂತು. ಅಶ್ವತ್ಥ್ ಗೇರ್ ನ್ಯೂಟ್ರಲ್‌ಗೆ ತಳ್ಳಿ, ಕೀ ಆಫ್ ಮಾಡಿದ. ಇಂಜಿನ್ ಸದ್ದು ನಿಂತು, ಗಾಳಿಯ ಸದ್ದು ಮಾತ್ರ ಉಳಿಯಿತು. ಡ್ಯಾಶ್‌ಬೋರ್ಡಿನ ಕೆಳಗೆ ಹಸಿರು ದೀಪ.

"ಲೇ, ಕೀ ಆನ್ ಮಾಡು."

"ಎದ್ರಬೇಡಿ ಅಕ್ಕಾ. ಪೆಟ್ಟಿಗೆ ಈಗ ಸರಿ ಮಾಡವ್ರೆ. ಆಫ್ ಮಾಡಿದ್ರೂ ಏನಾಗಲ್ಲ ಅಂತ ಕಂಪನಿಯೋರೇ ಹೇಳವ್ರೆ."

ನಾನು ಕೈ ಚಾಚಿ ಕೀ ತಿರುಗಿಸಿದೆ. ಇಂಜಿನ್ ಬಂತು. ಅವನು ಪಾಪದ ಮುದುಕಿ ಅಂತ ನಕ್ಕ. ಮುಂದಿನ ತಿರುವಿನಲ್ಲಿ ಮತ್ತೆ ಆಫ್ ಮಾಡಿದ.

ಪೆಟ್ಟಿಗೆಗಳನ್ನೆಲ್ಲ ಒಂದೇ ದಿನದಲ್ಲಿ ತಿದ್ದಿದರು. ತಿದ್ದದೆ ಉಳಿದವರು ನಾವು.